ಬಂದವರ ಕುರ್ಚಿ

ನಮ್ಮ ಮನೆಯ ಬೆಲ್ಲಿಗೂ ನನಗೂ ಇಪ್ಪತ್ತೇಳು ವರ್ಷದ ಜಗಳ. ಮದುವೆಯಾಗಿ ಬಂದ ಮರುದಿನ ನಾವಿಬ್ಬರೇ ಮೊದಲ ಸಲ ಊಟಕ್ಕೆ ಕೂತಿದ್ದೆವು. ಬೆಲ್ಲಾಯಿತು. ಇವರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿ ಎದ್ದೇ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಮಾತಿಗೆ ಹೇಳುತ್ತಾರೆ. ನಾನು ಅದನ್ನು ವಾರಕ್ಕೆ ನಾಲ್ಕು ಸಲ ಕಣ್ಣಾರೆ ನೋಡುತ್ತೇನೆ.

ಇವರು ಅಂದರೆ ನನ್ನ ಗಂಡ, ಸಭಾಪಾಲಕರು. ಚರ್ಚಿನ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ಸಭೆಯವರಿಗೆಲ್ಲ ಇವರು ಅಯ್ಯನವರು, ಸಭೆಗೆ ಬಾರದವರಿಗೂ ಅಯ್ಯನವರೇ. ಬೆಲ್ಲು ಎರಡನೇ ಸಲ ಆಗುವ ಮೊದಲು ಬಾಗಿಲು ತೆಗೆದಿರಬೇಕು ಎನ್ನುವುದು ಇವರು ತಮಗೆ ತಾವೇ ಹಾಕಿಕೊಂಡ ನೇಮ. ಸ್ನಾನದ ಮನೆಯಿಂದ ತಲೆಯ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಓಡಿದ್ದುಂಟು. "ಭಾನುವಾರದ ಪ್ರಸಂಗ ಬರೆಯೋದು ನಾನು ಆರಿಸ್ಕೊಂಡಿರೋ ಕೆಲಸ, ಬಾಗಿಲಿಗೆ ಬರೋದು ದೇವರು ಆರಿಸಿ ಕಳಿಸೋ ಕೆಲಸ. ಯಾವುದು ದೊಡ್ಡದು, ನೀನೇ ಹೇಳು" ಅನ್ನುತ್ತಾರೆ. ಹೇಳೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಬೆಲ್ಲಾಗುತ್ತದೆ.

ಮುಂದಿನ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ ಇದೆ. ಸೀಟು ಜೋತು ಬಿದ್ದಿದೆ, ಎಡಗಡೆಯ ಕೈಗೆ ಬೆತ್ತ ಬಿಚ್ಚಿಕೊಂಡಲ್ಲಿ ನಾನೇ ದಾರ ಸುತ್ತಿದ್ದೇನೆ. ಅದು ಬಂದವರ ಕುರ್ಚಿ. ಅದರ ಎದುರಿಗಿರುವ ಮೋಟು ಸ್ಟೂಲು ಇವರದು. ಬಂದವರು ಕೂತ ಮೇಲೆ ಇವರು ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ಸುಮ್ಮನಾಗುತ್ತಾರೆ. ಮನೆಯೊಳಗೆ ವಟವಟ ಅನ್ನುವ ಮನುಷ್ಯ ಅಲ್ಲಿ ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ನಮ್ಮ ಮಗಳು ಆರು ವರ್ಷದವಳಿದ್ದಾಗ ಒಂದು ದಿನ ಆ ಕುರ್ಚಿ ಹತ್ತಿ ಕಾಲು ಆಡಿಸುತ್ತ ಕೂತಿದ್ದಳು. "ಇಳಿ ಪುಟ್ಟಿ, ಅದು ಬಂದವರ ಕುರ್ಚಿ" ಅಂದರು. ಇಳಿದಳು. ಮತ್ತೆ ಹತ್ತಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ಎದುರಿಗೇ ಹೇಳುತ್ತೇನೆ. ಇವರು ನಗುತ್ತಾರೆ. ವರ್ಷಕ್ಕೊಮ್ಮೆ ಇವರು ಬಲು ಇಷ್ಟದಿಂದ ಮಾಡುವ ಪ್ರಸಂಗ ಒಂದಿದೆ. ಸಭಾಮಂದಿರದ ಅಧಿಕಾರಿಯೊಬ್ಬ, ನನ್ನ ಮಗಳು ಸಾಯುತ್ತಿದ್ದಾಳೆ, ಬೇಗ ಬನ್ನಿ ಅಂತ ಯೇಸುಸ್ವಾಮಿಯನ್ನು ಕರೆದುಕೊಂಡು ಹೊರಟಿದ್ದಾನೆ. ದಾರಿಯಲ್ಲಿ ಬಹಳ ವರ್ಷದಿಂದ ರೋಗ ಹಿಡಿದ ಹೆಂಗಸೊಬ್ಬಳು ಹಿಂದಿನಿಂದ ಬಂದು ಸ್ವಾಮಿಯ ಉಡುಪಿನ ಅಂಚು ಮುಟ್ಟುತ್ತಾಳೆ. ಸ್ವಾಮಿ ಅಷ್ಟು ಅವಸರದಲ್ಲೂ ನಿಲ್ಲುತ್ತಾರೆ, ಅವಳ ಮಾತನ್ನು ಪೂರ್ತಿ ಕೇಳುತ್ತಾರೆ. "ನೋಡಿ, ನಿಂತರು!" ಅಂತ ಇವರು ಪೀಠದ ಮೇಲೆ ಕೈ ಬಡಿಯುತ್ತಾರೆ. ಎಲ್ಲರೂ ಆ ಹೆಂಗಸಿಗಾಗಿ ಕಣ್ಣೀರು ಒರೆಸಿಕೊಳ್ಳುವಾಗ ನಾನು ಮೂರನೇ ಬೆಂಚಿನಲ್ಲಿ ಕೂತು ಆ ಅಧಿಕಾರಿಯ ಹೆಂಡತಿಯನ್ನು ನೆನೆಯುತ್ತೇನೆ. ಮನೆಯಲ್ಲಿ ಮಗಳ ತಲೆಯ ಹತ್ತಿರ ಕೂತು ಬಾಗಿಲನ್ನೇ ನೋಡುತ್ತಿದ್ದಳಲ್ಲ, ಅವಳಿಗೆ ಆ ನಿಂತ ಹೊತ್ತು ಎಷ್ಟು ಉದ್ದ ಅನಿಸಿರಬೇಕು?

ಎಷ್ಟು ಉದ್ದ ಅಂತ ನನಗೆ ಗೊತ್ತಾದದ್ದು ಕಳೆದ ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಮಗಳು ಹೇಳದೆ ಕೇಳದೆ ಬಸ್ಸಿಳಿದು ಹಿಂದಿನ ಬಾಗಿಲಿನಿಂದ ಬಂದಳು. ನಾಲ್ಕು ಗಂಟೆ ದಾರಿಯ ಆಚೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳು ನರ್ಸು. ಕೆಲಸ ಸಿಕ್ಕಿ ಒಂದೂವರೆ ವರ್ಷ. ಕಣ್ಣ ಸುತ್ತ ಕಪ್ಪು, ತಲೆ ಬಾಚಿರಲಿಲ್ಲ.

"ನಾಲ್ಕೂಕಾಲಿನ ಬಸ್ಸಿಗೆ ವಾಪಸ್ ಹೋಗ್ಬೇಕು ಅಮ್ಮ. ಅಪ್ಪನ ಹತ್ರ ಮಾತಾಡ್ಬೇಕಿತ್ತು" ಅಂದಳು.

ಅಪ್ಪ ಆಗ ಮುಂದಿನ ಕೋಣೆಯಲ್ಲಿ ಕಾಗದದಜ್ಜಿಯ ಎದುರು ಕೂತಿದ್ದರು. ಈ ಅಜ್ಜಿ ಬರುವುದು ಪ್ರತಿ ಮಂಗಳವಾರ. ಎಂದೋ ತೀರಿಹೋದ ತಂಗಿ ಬರೆದ ಒಂದೇ ಒಂದು ಕಾಗದವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಡುತ್ತಾರೆ, ಇವರು ಅದನ್ನು ಇವತ್ತೇ ಅಂಚೆಯಲ್ಲಿ ಬಂತೇನೋ ಎಂಬಂತೆ ಓದುತ್ತಾರೆ. ತಂಗಿಗೆ ನೆಗಡಿ, ದರ್ಜಿ ಅಂಗಿಯ ತೋಳು ಗಿಡ್ಡ ಮಾಡಿಬಿಟ್ಟ, ನಿನ್ನ ಕೊಡೆ ನನ್ನ ಹತ್ತಿರವೇ ಉಳಿದಿದೆ, ಬಂದಾಗ ತೆಗೆದುಕೊಂಡು ಹೋಗು. ಇಂಥವೇ ಸಂಗತಿಗಳು. ಕೊಡೆಯ ಸಾಲಿಗೆ ಬಂದಾಗ ಅಜ್ಜಿ ತಪ್ಪದೆ, "ಕಪ್ಪು ಕೊಡೆನೋ, ನೀಲಿದೋ?" ಅಂತ ಕೇಳುತ್ತಾರೆ. ಇವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅದನ್ನ ಬರೆದಿಲ್ಲ ಅಜ್ಜಿ" ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ.

ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಟೀ ಕೊಟ್ಟೆ, ಕುಡಿಯಲಿಲ್ಲ. ನಾನು ಬಿಡುವವಳಲ್ಲ. ಕೆದಕಿ ಕೆದಕಿ ಕೇಳಿದೆ.

"ಹನ್ನೆರಡನೇ ಬೆಡ್ಡಲ್ಲಿ ಒಬ್ಬ ಅಜ್ಜ ಇದ್ರು ಅಮ್ಮ. ಹೋದ ಗುರುವಾರ ಬೆಳಿಗ್ಗೆಯಿಂದ ಒಂಬತ್ತು ಸಲ ಬೆಲ್ ಒತ್ತಿದ್ರು. ಒಂದ್ಸಲ ಫ್ಯಾನ್ ಜೋರು ಮಾಡು, ಒಂದ್ಸಲ ಕಮ್ಮಿ ಮಾಡು, ಒಂದ್ಸಲ ಟೈಮ್ ಎಷ್ಟು. ಹತ್ತನೇ ಸಲ ಒತ್ತಿದಾಗ ಮಧ್ಯಾಹ್ನ ಡ್ಯೂಟಿ ಬದಲಾಗೋ ಹೊತ್ತು, ನಾನು ರಿಪೋರ್ಟ್ ಬರೀತಿದ್ದೆ. ಬೆಲ್ ಒತ್ತಿದ್ರೆ ನಮ್ಮ ಮೇಜಿನ ಮೇಲೆ ಅವರ ನಂಬರಿನ ದೀಪ ಹತ್ತುತ್ತೆ. ಆ ದೀಪ ಆರಿಸ್ಬಿಟ್ಟೆ."

"ಆರಿಸಿ?"

"ಬರೆಯೋದು ಮುಗಿಸ್ದೆ. ಅಷ್ಟರಲ್ಲಿ ಅಜ್ಜ ತಾವೇ ಇಳಿಯೋಕೆ ಹೋಗಿ ಬಿದ್ರು. ಸೊಂಟದ ಮೂಳೆ ಮುರೀತು."

"ಅಯ್ಯೋ ಮಗಳೇ. ಬೇಕು ಅಂತ ಮಾಡಿದ್ದಲ್ಲವಲ್ಲ."

"ಇರಮ್ಮ, ಮುಗೀಲಿಲ್ಲ. ಮೇಟ್ರನ್ ಕೇಳಿದಾಗ ಬೆಲ್ಲೇ ಆಗ್ಲಿಲ್ಲ ಅಂದೆ. ಅಜ್ಜನ ಹತ್ರ ಕೂತಿರಿ ಅಂತ ಆಯಾಗೆ ಹೇಳಿದ್ದೆ, ಅವರು ಎದ್ದು ಹೋಗಿದ್ರು ಅಂದೆ. ನಾನು ಹಂಗೆ ಹೇಳೇ ಇರ್ಲಿಲ್ಲ. ಆಯಾನ ಮನೆಗೆ ಕಳ್ಸಿದ್ದಾರೆ. ನಾಳೆ ಹತ್ತು ಗಂಟೆಗೆ ವಿಚಾರಣೆ. ನಾನು ಅದನ್ನೇ ಬರೆದು ಸಹಿ ಹಾಕಿದ್ರೆ ಅವರ ಕೆಲಸ ಹೋಯ್ತು. ನಿಜ ಹೇಳಿದ್ರೆ ನನ್ನದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ನಾನು ಎಷ್ಟು ಜನರನ್ನು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ಆ ಎತ್ತು ನನ್ನ ಮಗಳಾಗಿದ್ದಳು. "ಸುಮ್ನೆ ಸಹಿ ಹಾಕ್ಬಿಡು. ಆಯಾ ಕೆಲಸ ಎಲ್ಲಿ ಬೇಕಾದ್ರೂ ಸಿಗುತ್ತೆ. ನೀನು ಓದೋಕೆ ಎಷ್ಟು ಕಷ್ಟಪಟ್ಟಿದ್ದೀಯ" ಅಂದುಬಿಟ್ಟೆ. ನನ್ನ ಬಾಯಿಂದಲೇ ಬಂತು ಆ ಮಾತು, ಬೇರೆ ಯಾರೂ ಆಡಲಿಲ್ಲ.

ಮಗಳು ನನ್ನ ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ. "ನಾನೂ ನನಗೆ ಅದನ್ನೇ ಹೇಳ್ಕೊಂಡಿದ್ದೀನಿ ಅಮ್ಮ, ಐದು ದಿನದಿಂದ. ನಿದ್ದೆ ಬರ್ತಿಲ್ಲ. ಅದಕ್ಕೇ ಅಪ್ಪನ ಹತ್ರ ಹೇಳೋಣ ಅಂತ ಬಂದೆ."

ಮಗಳು ಬಂದಿದ್ದಾಳೆ ಅಂತ ಬಾಗಿಲಲ್ಲಿ ನಿಂತು ಸನ್ನೆ ಮಾಡಿದೆ. ಇವರು ಅಜ್ಜಿಯ ಕಾಗದವನ್ನು ಗಡಬಡಿಸಿ ಓದಿ ಕಳಿಸಿ ಒಳಗೆ ಬಂದರು. "ಏನ್ ಪುಟ್ಟಿ, ಇಷ್ಟು ಸೊರಗಿದ್ದೀಯ, ಹಾಸ್ಟೆಲ್ಲಲ್ಲಿ ಊಟ ಸರಿ ಇಲ್ವಾ, ನಿಮ್ಮ ಮೇಟ್ರನ್‌ಗೆ ಹೇಳ್ಬೇಕು" ಅಂತ ಶುರುಮಾಡಿದರು. "ಅಪ್ಪ, ಒಂದು ವಿಷಯ" ಅಂತ ಅವಳು ಅನ್ನುವುದಕ್ಕೂ ಬೆಲ್ಲಾಗುವುದಕ್ಕೂ ಸರಿಹೋಯಿತು.

ಬೀಗದವರು. ಮೂಲೆಯಂಗಡಿಯಲ್ಲಿ ಬೀಗ ರಿಪೇರಿ ಮಾಡುವವರು. ಹೆಂಡತಿ ಸತ್ತಾಗಿನಿಂದ ಆಗಾಗ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ, ಒಂದು ಮಾತೂ ಆಡುವುದಿಲ್ಲ. ಊರಿನ ಬೀಗಗಳನ್ನೆಲ್ಲ ತೆಗೆಯುವ ಮನುಷ್ಯ ತನ್ನ ಬಾಯಿಗೇ ಬೀಗ ಹಾಕಿಕೊಂಡಿದ್ದಾರೆ. ಇವರೂ ಎದುರಿಗೆ ಸುಮ್ಮನೆ ಕೂತಿರುತ್ತಾರೆ. ಮಾಮೂಲಾಗಿ ಅರ್ಧ ಗಂಟೆ. ಅವತ್ತು ಒಂದೂಕಾಲು ಗಂಟೆ ಕೂತರು. ನಾನು ಪರದೆಯ ಈಚೆ ಅತ್ತಿಂದಿತ್ತ ಓಡಾಡಿದೆ, ಪಾತ್ರೆ ಕುಕ್ಕಿದೆ, ಕೆಮ್ಮಿದೆ. ಗಡಿಯಾರದ ಮುಳ್ಳು ಓಡುತ್ತಿದ್ದರೆ ಒಳಗಿದ್ದ ಇಬ್ಬರು ಗಂಡಸರು ಕಲ್ಲಿನಂತೆ ಕೂತಿದ್ದರು.

ಊಟಕ್ಕೆ ಕೂತಾಗ ಮೂರನೇ ತುತ್ತಿಗೆ ಇನ್ನೊಂದು ಬೆಲ್ಲು. ಲಾರಿ ಡ್ರೈವರೊಬ್ಬರು, ತಂದೆಯ ಪಿಂಚಣಿಯ ಅರ್ಜಿ ತುಂಬಿಸಿಕೊಳ್ಳಲು ಬಂದಿದ್ದರು. ಇವರು ಎದ್ದರು. ಮಗಳು ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ ಕೂತಳು. ನನಗೆ ಮೈ ಉರಿದುಹೋಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಆ ಉರಿಯ ಅಡಿಯಲ್ಲಿ ಒಂದು ಸಣ್ಣ ಸಮಾಧಾನವೂ ಇತ್ತು. ಇವರಿಗೆ ಹೇಳದಿದ್ದರೆ ಮಗಳು ನಾಳೆ ಸಹಿ ಹಾಕುತ್ತಾಳೆ, ಕೆಲಸ ಉಳಿಯುತ್ತದೆ. ಹೇಳಿದರೆ ಇವರು ಏನು ಹೇಳುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಬೆಲ್ಲು ಆಗಲಿ ಅಂತಲೂ ಆಗದಿರಲಿ ಅಂತಲೂ ಒಟ್ಟಿಗೇ ಬೇಡಿಕೊಳ್ಳುತ್ತ ನಾನು ಮುಳ್ಳಿನ ಮೇಲೆ ಕೂತಂತೆ ಕೂತಿದ್ದೆ.

ಡ್ರೈವರು ಯಾವುದೋ ಕಾಗದ ಮನೆಯಲ್ಲೇ ಮರೆತು ಬಂದಿದ್ದರು, ತರುತ್ತೇನೆ ಅಂತ ಹೋದರು. ಎರಡು ಗಂಟೆ ಆಗಿತ್ತು. ಮಗಳ ಮುಖ ನೋಡಲಾರದೆ ನಾನು ಅಡುಗೆಮನೆಯ ಎತ್ತರದ ಸ್ಟೂಲು ಹತ್ತಿ, ಹಿಂದಿನ ಬಾಗಿಲ ಮೇಲಿರುವ ಬೆಲ್ಲಿನ ಸ್ವಿಚ್ಚನ್ನು ಆರಿಸಿದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ.

"ಬೆಲ್ ಕೆಟ್ಟಿದೆ. ಇನ್ನು ಯಾರೂ ಬರಲ್ಲ. ಮಗಳ ಹತ್ರ ಕೂತ್ಕೊಳ್ಳಿ ರೀ" ಅಂದೆ.

ಊಟದ ಮೇಜಿನ ಎದುರು ಕೂತರು. ಕೂತರು ಅಂತ ಹೆಸರಷ್ಟೇ. ಮಂಡಿ ಅಲುಗಾಡುತ್ತಿತ್ತು, ಕಣ್ಣು ಮುಂಬಾಗಿಲಿನ ಕಡೆಗೇ ಇತ್ತು. "ಬೆಲ್ ಯಾವಾಗಿಂದ ಕೆಟ್ಟಿದೆ? ಯಾರಾದ್ರೂ ಬಂದು ನಿಂತಿದ್ರೆ?" ಮಗಳು, "ವಾರ್ಡಲ್ಲಿ ಒಂದು ತಪ್ಪಾಯ್ತು ಅಪ್ಪ" ಅಂದಳು. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲೇ ಇವರು, "ತಪ್ಪು ಯಾರಿಂದ ಆಗಲ್ಲ ಪುಟ್ಟಿ, ನಿನ್ನ ವಯಸ್ಸಲ್ಲಿ ನಾನೂ ಒಂದು ಮದುವೇಲಿ ವರನ ಹೆಸರೇ ತಪ್ಪು ಹೇಳಿದ್ದೆ" ಅಂತ ಹಳೆಯ ಕಥೆ ತೆಗೆದರು. ಅದನ್ನು ಪೂರ್ತಿ ಹೇಳಿ ತಾವೇ ನಕ್ಕರು. ಮತ್ತೆ ಅವಳು ಬಾಯಿ ತೆರೆದಾಗ, "ಒಂದು ನಿಮಿಷ, ಬಾಗಿಲಲ್ಲಿ ನೆರಳು ಕಂಡಂಗಾಯ್ತು" ಅಂತ ಎದ್ದು ಹೋಗಿ ನೋಡಿ ಬಂದರು. ಯಾರೂ ಇರಲಿಲ್ಲ. ಹೀಗೆ ಮೂರು ಸಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ನನ್ನ ಮಗಳು ಕೂತಿದ್ದಳು.

"ಆಮೇಲೆ? ಏನೋ ಹೇಳ್ತಿದ್ದೆ."

"ಏನಿಲ್ಲಪ್ಪ" ಅಂದಳು. "ದೊಡ್ಡದೇನಲ್ಲ."

ಇವರು ಅವಳ ತಲೆ ಸವರಿ, ನಿರಾಳವಾಗಿ ಮುಂದಿನ ಕೋಣೆಗೆ ಹೋದರು. ಮಗಳು ಚೀಲಕ್ಕೆ ನೀರಿನ ಬಾಟಲಿ ತುರುಕಿಕೊಂಡಳು. ಮೂರು ಗಂಟೆ ಆಗಿತ್ತು. ಇಷ್ಟು ಬೇಗ ಹೊರಟೆಯಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಕೆಲಸ ಉಳಿಯಿತು ಅಂತ ಸಂತೋಷ ಪಡಬೇಕಾದ ನಾನು, ಅವಳು ಬೆಳಿಗ್ಗೆ ಕುಡಿಯದೆ ಬಿಟ್ಟ ಟೀಯನ್ನು ಸುರಿದು ಆ ಲೋಟವನ್ನೇ ಮತ್ತೆ ಮತ್ತೆ ತೊಳೆದೆ. ಅವಳು ಹಿಂದಿನ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು.

"ಅಮ್ಮ, ಬೆಲ್ ಕೆಟ್ಟಿಲ್ಲ ಅಲ್ವಾ? ಆ ಸ್ವಿಚ್ ಹಾಕ್ತೀಯಾ?"

ನನಗೆ ಆಗ ತಿಳಿಯಿತು. ಅವಳು ಹನ್ನೆರಡನೇ ನಂಬರಿನ ದೀಪ ಆರಿಸಿದಂತೆಯೇ ನಾನೂ ಇದನ್ನು ಆರಿಸಿದ್ದೆ. ಬಂದವರು ಬರಲಿ, ನಿಲ್ಲುವವರು ನಿಲ್ಲಲಿ, ನನ್ನ ಕೆಲಸ ಮೊದಲು ಮುಗಿಯಲಿ ಅಂತ. ಸ್ವಿಚ್ಚು ಹಾಕಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಅವಳ ಓದು, ಅವಳ ಬಿಳಿ ಕೋಟು, ಸಂಬಳ ಬಂದ ಮೊದಲ ತಿಂಗಳು ನನಗೆ ತಂದುಕೊಟ್ಟ ಕನ್ನಡಕ, ಎಲ್ಲ ಕಣ್ಣ ಮುಂದೆ ಬಂತು. ಸ್ಟೂಲು ಹತ್ತಿದೆ. ಸ್ವಿಚ್ಚು ಹಾಕಿದೆ.

ಮಗಳು ಚೀಲ ಹೆಗಲಿಗೇರಿಸಿ ಹೊರಗೆ ಹೋದಳು. ನಾನು ಪರದೆಯ ಹಿಂದೆ ನಿಂತೆ. ಮನೆಯನ್ನು ಬಳಸಿಕೊಂಡು ಮುಂದಿನ ಬೀದಿಗೆ ಬರಲು ಎರಡು ನಿಮಿಷ ಸಾಕು.

ಬೆಲ್ಲಾಯಿತು. ಇವರು ಬರೆಯುತ್ತಿದ್ದ ಪೆನ್ನು ಬಿಟ್ಟು ಎದ್ದರು. ಎರಡನೇ ಸಲ ಆಗುವ ಮೊದಲು ಬಾಗಿಲು ತೆಗೆದರು.

"ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂದಾಗಿತ್ತು, ಯಾರು ಅಂತ ನೋಡುವ ಮೊದಲೇ. ಬಾಗಿಲಲ್ಲಿ ಮಗಳು ನಿಂತಿದ್ದಳು.

ಅವಳು ಒಳಗೆ ಬಂದು ಚೀಲ ಇಳಿಸಿ ಬೆತ್ತದ ಕುರ್ಚಿಯಲ್ಲಿ ಕೂತಳು. ದಾರ ಸುತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇವರ ಮುಖದ ಬಣ್ಣ ಹೋಯಿತು. ನಿಧಾನವಾಗಿ ಬಂದು ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ಮಂಡಿಯ ಮೇಲಿಟ್ಟರು. ಆ ಮಂಡಿ ಈಗ ಅಲುಗಾಡಲಿಲ್ಲ.

ಅವಳು ಮೊದಲಿನಿಂದ ಹೇಳಿದಳು. ಫ್ಯಾನು, ದೀಪ, ಅಜ್ಜ ಬಿದ್ದ ಸದ್ದು, ಆಯಾ ಹೋಗುವಾಗ ತನ್ನ ಊಟದ ಡಬ್ಬಿ ತೊಳೆದುಕೊಂಡು ಹೋದದ್ದು. ಅದನ್ನು ನನಗೆ ಹೇಳಿರಲಿಲ್ಲ. ಆ ಡಬ್ಬಿಯ ಮಾತಿಗೆ ಬಂದಾಗ ಅವಳಿಗೆ ಅಳು ಒತ್ತರಿಸಿ ಬಂತು. ಸರಿಯಾಗಿ ಆಗಲೇ ಬೆಲ್ಲಾಯಿತು.

ಮಗಳು ತಟ್ಟನೆ ಮಾತು ನಿಲ್ಲಿಸಿದಳು. ಇಪ್ಪತ್ತೇಳು ವರ್ಷದ ಅಭ್ಯಾಸ, ಇವರ ಮೈ ಅರ್ಧ ಎದ್ದಿತು. ಆಮೇಲೆ ಕೂತರು. ಪರದೆಯ ಕಡೆ ತಿರುಗಿ ನೋಡಿದರು. ನಾನು ಅಲ್ಲಿ ನಿಂತು ಕೇಳುತ್ತಿದ್ದೇನೆ ಅಂತ ಇವರಿಗೆ ಯಾವಾಗಲೂ ಗೊತ್ತು. ನಾನೇ ಹೊರಗೆ ಬಂದೆ, ಅವರಿಬ್ಬರನ್ನೂ ದಾಟಿ ಹೋಗಿ ಬಾಗಿಲು ತೆಗೆದೆ. ಲಾರಿ ಡ್ರೈವರು, ಮರೆತ ಕಾಗದದ ಜೊತೆ.

"ಜಗಲಿ ಮೇಲೆ ಕೂತ್ಕೊಳ್ಳಿ. ಒಳಗೆ ಒಬ್ರು ಇದ್ದಾರೆ."

"ಯಾರಮ್ಮ?"

"ಬಂದವರು" ಅಂದೆ. ಅರ್ಜಿಯನ್ನು ಕಸಿದುಕೊಂಡು ಅಲ್ಲೇ ಪಕ್ಕದಲ್ಲಿ ಕೂತು ತುಂಬಲು ಶುರುಮಾಡಿದೆ. ನನ್ನ ಅಕ್ಷರ ಇವರದಕ್ಕಿಂತ ಚೆನ್ನಾಗಿದೆ. ಆದರೆ ಅವರ ತಂದೆಯ ಹುಟ್ಟಿದ ವರ್ಷವನ್ನು ಎರಡು ಸಲ ತಪ್ಪು ಬರೆದೆ.

ಡ್ರೈವರನ್ನು ಕಳಿಸಿ ಒಳಗೆ ಬಂದಾಗ ಮಗಳು ಮುಖ ಒರೆಸಿಕೊಳ್ಳುತ್ತಿದ್ದಳು. ಇವರು ಬೈಬಲಿನ ಮಾತೊಂದನ್ನೂ ಎತ್ತಲಿಲ್ಲ, ಬುದ್ಧಿ ಹೇಳಲಿಲ್ಲ.

"ಆಯಾ ಮನೆ ಎಲ್ಲಿ?" ಅಂತ ಕೇಳಿದರು.

"ಆಸ್ಪತ್ರೆ ಹಿಂದಿನ ಬೀದಿ."

"ಬಸ್ಸಿಳಿದು ಮೊದಲು ಅಲ್ಲಿಗೆ ಹೋಗೋಣ. ನಾಳೆ ಹತ್ತಕ್ಕೆ ಮೇಟ್ರನ್ ಹತ್ರ."

"ಹೋಗೋಣ ಅಂದ್ರೆ?"

"ನಾನೂ ಬರ್ತೀನಿ. ಹೇಳೋದು ನೀನೇ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ." ಆಮೇಲೆ ತಡೆಯಲಾರದೆ ಅವಳ ಕೈ ಹಿಡಿದುಕೊಂಡರು. "ಮನೆ ಒಳಗಿದ್ದವಳು ಸುತ್ತು ಹಾಕ್ಕೊಂಡು ಬಂದು ಬೆಲ್ ಒತ್ತೋ ಹಂಗೆ ಮಾಡ್ಬಿಟ್ಟೆನಲ್ಲ ಪುಟ್ಟಿ. ನನ್ನ ಕ್ಷಮಿಸು." ಇವರು ಅಳುವುದನ್ನು ನಾನು ಎರಡನೇ ಸಲ ನೋಡಿದ್ದು ಅದು. ಮೊದಲನೆಯದು ಇವಳು ಹುಟ್ಟಿದ ದಿನ.

ನಾಲ್ಕೂಕಾಲಿನ ಬಸ್ಸಿಗೆ ಇಬ್ಬರೂ ಹೋದರು. ಹೋಗುವಾಗ ಇವರು ಬಾಗಿಲಲ್ಲಿ ತಡವರಿಸಿದರು. "ಬೆಲ್ ಆದ್ರೆ..."

"ನನಗೂ ಕಿವಿ ಇದೆ, ಹೋಗ್ರೀ" ಅಂದೆ.

ಬುಧವಾರ ಬೆಳಿಗ್ಗೆ ಒಂಬತ್ತರಿಂದಲೇ ಫೋನನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ತಿರುಗಿದೆ. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಅಡುಗೆಮನೆಗೆ, ಅಂಗಳಕ್ಕೆ, ಮತ್ತೆ ಅಡುಗೆಮನೆಗೆ. ಹತ್ತಾಯಿತು. ಹತ್ತೂವರೆ. ಹನ್ನೊಂದೂವರೆ. ಬೆಲ್ಲಾಯಿತು. ಹಾಳು ಬೆಲ್ಲು ಅಂತ ಬೈದುಕೊಂಡೇ ಓಡಿದೆ. ಎರಡನೇ ಸಲ ಆಗಲು ಬಿಡಲಿಲ್ಲ.

ಕಾಗದದಜ್ಜಿ. ಅದೂ ಬುಧವಾರ.

"ನಿನ್ನೆ ಅಯ್ಯನವರು ಅವಸರದಲ್ಲಿದ್ರು. ಕೊನೇ ನಾಲ್ಕು ಸಾಲು ಓದ್ಲೇ ಇಲ್ಲ ಅಮ್ಮ. ನಾನೂ ಸುಮ್ನಿದ್ದೆ" ಅಂದರು. ಓದದೆ ಬಿಟ್ಟದ್ದು ಈ ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ!

ಅಜ್ಜಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾನು ಸ್ಟೂಲಿನ ಮೇಲೆ ಕೂತೆ. ಬಹಳ ತಗ್ಗು, ಮಂಡಿ ನೋಯುತ್ತದೆ. ಅದರ ಮೇಲೆ ಕೂತರೆ ಬಂದವರ ಮುಖವನ್ನು ತಲೆಯೆತ್ತಿ ನೋಡಬೇಕಾಗುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಮಡಿಕೆಗಳಲ್ಲಿ ಹರಿದಿದ್ದ ಕಾಗದವನ್ನು ಬಿಡಿಸಿ ಓದತೊಡಗಿದೆ. ನೆಗಡಿ ಮುಗಿಯಿತು, ದರ್ಜಿ ಬಂದ. ಕೊಡೆಯ ಸಾಲಿಗೆ ಬರುವಷ್ಟರಲ್ಲಿ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ನಾನು ಅಜ್ಜಿಯ ಮುಖ ನೋಡಿದೆ.

"ಎತ್ತಮ್ಮ, ಎತ್ತು. ಯಾರಿಗೋ ಏನೋ ಅವಸರ ಇರುತ್ತೆ" ಅಂದರು ಅಜ್ಜಿ. "ನನ್ನ ತಂಗಿ ಕಾಯ್ತಾಳೆ."

"ಹೇಳಿದೆ ಅಮ್ಮ" ಅಂತು ಆ ಕಡೆ ಮಗಳ ಧ್ವನಿ.

"ಕೆ... ಕೆಲಸ?"

"ಮೂರು ತಿಂಗಳು ವಾರ್ಡಿಗೆ ಬರಬೇಡ ಅಂದಿದ್ದಾರೆ. ಆಮೇಲೆ ಏನು ಅಂತ ಗೊತ್ತಿಲ್ಲ. ಆಯಾ ನಾಳೆಯಿಂದ ಬರ್ತಾರೆ."

"ನಿನ್ನೆ ರಾತ್ರಿ ನಿದ್ದೆ ಬಂತಾ?" ಅಂದೆ.

"ಬಂತಮ್ಮ."

"ಅಪ್ಪ ಎಲ್ಲಿ?"

"ಹನ್ನೆರಡನೇ ಬೆಡ್ ಅಜ್ಜನ ಹತ್ರ. ನಾನು ಕ್ಷಮೆ ಕೇಳೋಕೆ ಹೋದಾಗ ಜೊತೇಲಿ ಬಂದ್ರು. ಒಂದು ಗಂಟೆಯಿಂದ ಅಜ್ಜ ಬಿಡ್ತಾನೇ ಇಲ್ಲ. ಫ್ಯಾನ್ ಜೋರು ಮಾಡಿಸ್ತಾರೆ, ಕಮ್ಮಿ ಮಾಡಿಸ್ತಾರೆ."

ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಮನೆಗೆ ಬಾ, ಇಬ್ಬರೂ ಬನ್ನಿ ಅಂತ ಹೇಳಿ ಫೋನು ಇಟ್ಟೆ. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕಾಗದ ಎತ್ತಿಕೊಂಡೆ.

"ಎಲ್ಲಿಗೆ ನಿಲ್ಸಿದ್ವಿ ಅಜ್ಜಿ?"

"ಕೊಡೆ" ಅಂದರು ಅಜ್ಜಿ. "ಕಪ್ಪು ಕೊಡೆನೋ, ನೀಲಿದೋ?"

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. "ಅದನ್ನ ಬರೆದಿಲ್ಲ ಅಜ್ಜಿ."

"ಹೌದಾ" ಅಂದರು. ನನ್ನ ಒದ್ದೆ ಕಣ್ಣು ನೋಡಿದರು. "ಮೊದಲಿಂದ ಓದು ಮಗಳೇ. ನಿನಗೂ ಸ್ವಲ್ಪ ಹೊತ್ತು ಹೋಗುತ್ತೆ."

ಮೊದಲಿನಿಂದ ಓದಿದೆ.